ಕಿಟಕಿ ಮುಚ್ಚಿದ ಕೋಚು

ಸೋತದ್ದು ತನ್ನ ತಪ್ಪಿನಿಂದ ಅಂತ ಯೆರ್ಕೊ ಹೇಳಿದ್ದನ್ನು ದ್ವೀಪದಲ್ಲಿ ಯಾರೂ ಕೇಳಿದವರಿಲ್ಲ. ಆಡುತ್ತಿದ್ದ ಕಾಲದಲ್ಲಿ ತಪ್ಪೆಲ್ಲ ರೆಫ್ರಿಯದು, ಹುಲ್ಲಿನದು, ಅದೂ ಆಗದಿದ್ದರೆ ಗೋಲ್‌ಕೀಪರನ ಹೆಂಡತಿಯದು. ಎದುರು ದಡದ ಸ್ಪ್ಲಿಟ್ ಪಟ್ಟಣದ ಕಡೆಯ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನಲ್ಲಿ ಡಿಫೆಂಡರ್ ಆಗಿದ್ದ. ಅವನ ಬೂಟಿಗೆ ಚೆಂಡಿಗಿಂತ ಎದುರಾಳಿಯ ಮೊಣಕಾಲೇ ಸಲೀಸಾಗಿ ಸಿಗುತ್ತಿತ್ತು. ಕಾಲು ಕೈಕೊಟ್ಟ ಮೇಲೆ ಕೋಚಾದ. ನಮ್ಮ ಕಡೆ ಇದು ಮಾಮೂಲು, ಓಡೋಕಾಗದವರೆಲ್ಲ ಓಡಿಸೋಕೆ ಹೊರಡುತ್ತಾರೆ. ಅದೂ ಪರದೇಶಕ್ಕೇ ಹೋದ, ಯಾಕೆಂದರೆ ಇಲ್ಲಿ ಎಲ್ಲರಿಗೂ ಅವನ ಆಟ ನೆನಪಿತ್ತು.

ಸೈಪ್ರಸ್ಸಿನಲ್ಲಿ ಒಂದು ಚಳಿಗಾಲ ಕಳೆದ. ಉಜ್ಬೇಕಿಸ್ತಾನದಲ್ಲಿ ಅಷ್ಟು ದಿನವೂ ಇಟ್ಟುಕೊಳ್ಳಲಿಲ್ಲ. ಪ್ರತಿ ಸಲವೂ ಹಡಗಿನಿಂದ ಸೂಟ್‌ಕೇಸ್ ಎಳೆದುಕೊಂಡು ಇಳಿಯುವುದು, ಬಂದರಿನ ಕಾಫಿ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುವುದು, "ರಾಜಕೀಯ ಕಣ್ರಯ್ಯಾ, ಬರೀ ರಾಜಕೀಯ" ಅನ್ನುವುದು.

ಅಲ್ಲಿ ಬೆಳಗಿನಿಂದ ಒಂದೇ ಕಪ್ಪು ಹಿಡಿದು ಕೂತಿರುತ್ತಿದ್ದ ಮುದಿ ಮೀನುಗಾರ ಬಾರ್ಬಾ ದುಯೆ. ಹಿರಿಯರನ್ನು ಬಾರ್ಬಾ ಅನ್ನುತ್ತೇವೆ, ಮರ್ಯಾದೆಗೆ. ಅವನು ಮಾತ್ರ ಯಾರ ಮರ್ಯಾದೆಯನ್ನೂ ಉಳಿಸುತ್ತಿರಲಿಲ್ಲ. "ಯಾವ್ ದೇಶದ ರಾಜಕೀಯಕ್ಕೂ ನಿನ್ ಮುಖ ಕಂಡ್ರೆ ಆಗಲ್ವಲ್ಲೋ ಯೆರ್ಕೊ," ಅನ್ನುತ್ತಿದ್ದ. "ವಿಶ್ವಸಂಸ್ಥೆಗೆ ಒಂದು ಅರ್ಜಿ ಗುಜರಾಯ್ಸು."

ಕೊನೆಯದು ಅರಬರ ನಾಡಿನ ಕ್ಲಬ್ಬು. ಅಲ್ಲಿಂದಲೂ ಓಡಿಸಿದ್ದು ರಾಜಕೀಯವೇ ಅಂತ ಊರಿಗೆ ಹೇಳಿದ್ದ. ನಿಜ ಗೊತ್ತಿದ್ದದ್ದು ಹೆಂಡತಿ ನೆವೆಂಕಾಳಿಗೆ ಮಾತ್ರ. ಕೆಂಡದಂಥ ಸೆಕೆಯಲ್ಲಿ ಅರ್ಧ ಆಟ ಮುಗಿಸಿ ಬಂದ ಹುಡುಗರು ಬೆವರಿಳಿಸುತ್ತ ಏಸಿಯ ಕೆಳಗೆ ಕೂತರು. ಯೆರ್ಕೊನ ಎದೆ ಝಲ್ಲೆಂದಿತು. ಏಸಿ ಆರಿಸಿದ, ಬಾಗಿಲು ಭದ್ರ ಮಾಡಿದ, ಕುತ್ತಿಗೆ ಹಿಡಿದುಕೊಂಡೀತೆಂದು ಎಲ್ಲರಿಗೂ ಟವೆಲ್ ಸುತ್ತಿಸಿದ. ಮತ್ತೆ ಮೈದಾನಕ್ಕೆ ಇಳಿಯುವ ಮೊದಲೇ ಗೋಲ್‌ಕೀಪರ್ ತಲೆ ತಿರುಗಿ ಬಿದ್ದ.

ನಗಬೇಡಿ. ಈ ಕರಾವಳಿಯಲ್ಲಿ ಬೋರಾ ಅನ್ನುವ ಹುಚ್ಚು ಚಳಿಗಾಳಿ ಎದ್ದಾಗಲೂ ದೋಣಿ ಬಿಡುವ ಗಂಡಸರಿದ್ದಾರೆ. ಅದೇ ಗಂಡಸರು ಮನೆಯೊಳಗೆ ಕಿಟಕಿಯಿಂದ ಬಂದು ಬಾಗಿಲಿಂದ ಹೋಗುವ ತೆಳ್ಳನೆ ಗಾಳಿಗೆ ಗಡಗಡ ನಡುಗುತ್ತಾರೆ. ಪ್ರೊಪುಹ್ ಅಂತ ಅದರ ಹೆಸರು. ಕುತ್ತಿಗೆ ಹಿಡಿಯುವುದು, ಬಾಯಿ ಸೊಟ್ಟಗಾಗುವುದು, ಹಲ್ಲುನೋವು, ಮಕ್ಕಳಾಗದಿರುವುದು ಎಲ್ಲ ಅದರಿಂದಲೇ. ಡಾಕ್ಟರೂ ಇಲ್ಲಿಯವರೇ ಆದ್ದರಿಂದ ಹೌದು ಹೌದು ಅನ್ನುತ್ತಾರೆ.

ಅಲ್ಲಿಂದ ಬಂದ ಮೇಲೆ ಯೆರ್ಕೊನನ್ನು ಯಾರೂ ಕರೆಯಲಿಲ್ಲ. ನೆವೆಂಕಾ ಮಹಡಿಯ ಕೋಣೆಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಟ್ಟು ಸಂಸಾರ ತೂಗಿಸುತ್ತಿದ್ದಳು. "ಈ ಬೇಸಿಗೆ ಮುಗಿಯೋದ್ರೊಳಗೆ ಕ್ಲಬ್ ಸಿಗ್ಲಿಲ್ವೋ, ಟೀವಿ ಮುಂದೆ ಕೂತು ಬೇರೆಯವರ ಟೀಮ್ ಬೈಯೋದು ಸಾಕು," ಅಂದಿದ್ದಳು. "ಚಾದರ ಒಗಿ, ಕಕ್ಕಸು ತೊಳಿ." ಯೆರ್ಕೊಗೆ ಕಕ್ಕಸಿನ ಹೆದರಿಕೆ ಇರಲಿಲ್ಲ. ಆದರೆ ಚಾದರ ಒಣಹಾಕುವ ಹಗ್ಗ ಬಂದರಿಗೆ ನೇರ ಕಾಣುತ್ತಿತ್ತು, ಅಂದರೆ ಬಾರ್ಬಾ ದುಯೆಗೆ ಕಾಣುತ್ತಿತ್ತು. ಆ ಹಗ್ಗದ ಮುಂದೆ ನಿಲ್ಲುವುದಕ್ಕಿಂತ ಸಮುದ್ರಕ್ಕೆ ಹಾರುವುದು ಮೇಲು ಅನ್ನಿಸಿತ್ತು ಅವನಿಗೆ.

ಆಗಸ್ಟಿನಲ್ಲಿ ಅದೃಷ್ಟ ತಿರುಗಿತು. ಅದೇ ಅರಬರ ನಾಡಿನ ಇನ್ನೊಂದು ಕ್ಲಬ್ಬಿನವನು, ಗಾನಿಮ್ ಅಂತ, ಸ್ಪ್ಲಿಟ್‌ಗೆ ರಜೆಗೆ ಬಂದಿದ್ದ. ಕರಾರುಪತ್ರ ಹಿಡಿದು ಹಡಗು ಹತ್ತಿ ಮನೆಗೇ ಬರುತ್ತೇನೆ ಅಂದ. ನೆವೆಂಕಾ ಒಣ ಹಂದಿಮಾಂಸವನ್ನು ಕಪಾಟಿಗೆ ತಳ್ಳಿ, ವೈನ್ ಬಾಟಲಿ ಮರೆಮಾಡಿ, ಕೆಂಡದಡಿ ಆಕ್ಟೋಪಸ್ ಬೇಯಿಸಿದಳು. ಆಮೇಲೆ ಗಂಡನ ಕಾಲರ್ ಹಿಡಿದು ಹೇಳಿದಳು:

"ಬಂದವನು ಏನೇ ತೆಗೀಲಿ, ಏನೇ ಮುಚ್ಲಿ. ನೀನು ಕಿಟಕಿ ಮುಟ್ಟಿದ್ರೆ ನಾನು ಮನುಷ್ಯಳಾಗಿರಲ್ಲ."

"ನಾನೇನ್ ಮುದುಕೀನೇನೇ?"

"ಮುದುಕೀರಾದ್ರೂ ಹೇಳಿದ್ ಮಾತು ಕೇಳ್ತಾರೆ."

ಗಾನಿಮ್ ಬಂದ, ಉಂಡ, ಹೊಗಳಿದ. ಕೆಳಗಿನ ಮನೆಯಲ್ಲಿ ಏಸಿ ಇರಲಿಲ್ಲ. ಆ ಸುಖವೆಲ್ಲ ಮಹಡಿಯ ಪ್ರವಾಸಿಗಳಿಗೆ. ಪಾಪ, ಮನುಷ್ಯ ಕರಗಿಹೋಗುತ್ತಿದ್ದ. ತಾನೇ ಎದ್ದು ಕಡಲ ಕಡೆಯ ಕಿಟಕಿ ತೆಗೆದ. ಸಾಲಲಿಲ್ಲ. ಹಿತ್ತಿಲ ಬಾಗಿಲನ್ನೂ ತೆಗೆದ. ಪರದೆ ಮೆಲ್ಲಗೆ ಎದ್ದು ಒಳಗೆ ಬಾಗಿತು.

"ನಮ್ಮ ಅಧ್ಯಕ್ಷರದ್ದು ಒಂದೇ ಪ್ರಶ್ನೆ," ಅಂದ ಗಾನಿಮ್. "ಹಿಂದಿನ ಕ್ಲಬ್‌ನಲ್ಲಿ ಏಸಿ ಆರಿಸಿ ಹುಡುಗರನ್ನ ಬೇಯಿಸಿಬಿಟ್ರಂತೆ ನೀವು?"

"ಅದೆಲ್ಲ ರಾಜಕೀಯ," ಅಂದ ಯೆರ್ಕೊ. "ನಾನು ವಿಜ್ಞಾನ ನಂಬೋ ಮನುಷ್ಯ."

ವಿಜ್ಞಾನಿಯ ಶರ್ಟು ಬೆನ್ನಿಗೆ ಅಂಟಿತ್ತು. ಗಾಳಿ ಒದ್ದೆ ಕುತ್ತಿಗೆಯನ್ನು ಸವರಿ ಸವರಿ ಹೋಗುತ್ತಿತ್ತು. ಎಡ ಭುಜ ಆಗಲೇ ಬಿಗಿಯತೊಡಗಿತು, ಅಥವಾ ಹಾಗನ್ನಿಸಿತು. ಎರಡು ಕೈಯಲ್ಲೂ ಕುರ್ಚಿ ಹಿಡಿದುಕೊಂಡು, ಹಗ್ಗದ ಮೇಲಿನ ಚಾದರಗಳನ್ನು ನೆನೆಸಿಕೊಂಡು ಕೂತ. ಇಷ್ಟು ಗಟ್ಟಿಯಾಗಿ ಅವನು ಆಟದ ದಿನಗಳಲ್ಲೂ ಡಿಫೆಂಡ್ ಮಾಡಿರಲಿಲ್ಲ. ಗಾನಿಮ್ ಸಮಾಧಾನದಿಂದ ತಲೆ ಆಡಿಸಿ, ಕಾಗದ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು ಮುಂದೆ ಚಾಚಿದ.

ಅಷ್ಟರಲ್ಲಿ ನೆವೆಂಕಾ ಕಲ್ಲಂಗಡಿ ತಟ್ಟೆ ಹಿಡಿದು ಬಂದಳು. ಹೊಸ್ತಿಲಲ್ಲೇ ನಿಂತಳು. ತೆರೆದ ಕಿಟಕಿ ನೋಡಿದಳು, ತೆರೆದ ಬಾಗಿಲು ನೋಡಿದಳು, ನಡುವೆ ಬೆವತು ತೊಪ್ಪೆಯಾಗಿ ಕೂತ ಗಂಡನ ಕುತ್ತಿಗೆಯ ಮೇಲೆ ನರೆಗೂದಲು ಅಲ್ಲಾಡುವುದನ್ನು ನೋಡಿದಳು. ತಟ್ಟೆ ಕುಕ್ಕಿ ದಡಕ್ಕನೆ ಕಿಟಕಿ ಮುಚ್ಚಿದಳು. ಬಾಗಿಲು ಮುಚ್ಚಿದಳು. ಹೆಗಲ ಮೇಲಿದ್ದ ಅಡುಗೆಮನೆ ಬಟ್ಟೆ ಎಳೆದು ಅವನ ಕುತ್ತಿಗೆಗೆ ಸುತ್ತಿದಳು.

"ಬೆವತು ನೀರಾಗಿದಾನೆ," ಅಂದಳು ಗಾನಿಮ್‌ಗೆ. "ನನ್ ಗಂಡನ್ನ ಸಾಯಿಸಬೇಕು ಅಂತ ಇದೀರಾ?"

ಪರದೆ ಸುಮ್ಮನಾಯಿತು. ಯೆರ್ಕೊಗೆ ಆ ಗಳಿಗೆ ಜೀವ ಬಂದಂತಾಯಿತು. ನಾಚಿಕೆಗೇಡು, ಆದರೆ ಹಾಗೇ ಆಯಿತು.

ಗಾನಿಮ್ ಪೆನ್ನಿಗೆ ಮುಚ್ಚಳ ಹಾಕಿದ. "ಊಟ ತುಂಬಾ ಚೆನ್ನಾಗಿತ್ತು ಅಮ್ಮಾ," ಅಂದ. ಯೆರ್ಕೊ ಕಡೆ ತಿರುಗಿ, "ನಿಮ್ಮೊಬ್ಬರನ್ನಾದ್ರೆ ಹೇಗೋ ಸುಧಾರಿಸಬಹುದಿತ್ತು. ನೀವು ಬಂದ್ರೆ ಇವರೂ ಬರ್ತಾರಲ್ಲ." ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಹಡಗಿಗೆ ಹೊರಟ.

ನೆವೆಂಕಾ ಕುರ್ಚಿಯಲ್ಲಿ ಕುಸಿದಳು. "ಕೈ ತಾನಾಗೇ ಕಿಟಕಿಗೆ ಹೋಯ್ತು ಕಣೋ," ಅಂದಳು. "ಬೈಯಿ, ಬೈದ್ಬಿಡು." ಅವನು ಬೈಯಲಿಲ್ಲ. ಅವಳು ಮೂಗೊರೆಸಿಕೊಂಡು ಒಗೆದ ಚಾದರಗಳ ಬುಟ್ಟಿ ಎತ್ತಿಕೊಂಡು ಹೊರಗೆ ಹೋದಳು.

ಯೆರ್ಕೊ ಬಂದರಿಗೆ ನಡೆದ. ಜೀವಮಾನದಲ್ಲಿ ಮೊದಲ ಸಲ ಅವನ ಬಳಿ ಅಪ್ಪಟ ನಿಜವಾದ ನೆಪವೊಂದಿತ್ತು. ದಾರಿಯುದ್ದಕ್ಕೂ ಅದನ್ನು ನಾಲಿಗೆಯ ಮೇಲೆ ಹೊರಳಿಸುತ್ತ ಹೋದ.

ಅಂಗಡಿಯೊಳಗೆ ಬಾರ್ಬಾ ದುಯೆ ಕಾದೇ ಕೂತಿದ್ದ. "ಏನ್ರೀ ದೊಡ್ಡ ಕೋಚು, ನಿಮ್ ಸಾಹುಕಾರ ಆಗ್ಲೇ ಹಡಗು ಹತ್ತಿದ್ನಲ್ಲ. ರುಜು ಬಿತ್ತೋ, ಇಲ್ಲಾ ರಾಜಕೀಯಾನೋ?" ಎಲ್ಲರೂ ಕುರ್ಚಿ ಹತ್ತಿರ ಎಳೆದರು.

ಗಾಜಿನಾಚೆ ಹಗ್ಗ ಕಾಣುತ್ತಿತ್ತು. ನೆವೆಂಕಾ ಒಬ್ಬಳೇ ದೊಡ್ಡ ಚಾದರದ ಜೊತೆ ಗುದ್ದಾಡುತ್ತಿದ್ದಳು. ಇತ್ತ ತಿರುಗಿಯೂ ನೋಡುತ್ತಿರಲಿಲ್ಲ.

"ರಾಜಕೀಯ ಅಲ್ಲ," ಅಂದ ಯೆರ್ಕೊ. "ನಾನೇ ಕಿಟಕಿ ಮುಚ್ಚಿದೆ. ನನ್ನದೇ ತಪ್ಪು."

ಯಾರೂ ನಗಲಿಲ್ಲ. ಬಾರ್ಬಾ ದುಯೆ ಕಪ್ಪು ಕೆಳಗಿಟ್ಟ.

"ಬಾಗಿಲೂ ತೆಗೆದಿತ್ತಾ?"

"ಎದುರುಬದುರು."

"ಬೆವತಿದ್ಯಾ?"

"ಬೆನ್ನೆಲ್ಲ."

"ಮತ್ತಿನ್ನೇನ್ ಮಾಡ್ತಿದ್ದೆ ಬಿಡು," ಅಂದ ಮುದುಕ. ಎದ್ದು ಹೋಗಿ ಅಂಗಡಿಯ ಹಿಂಬಾಗಿಲು ಮುಚ್ಚಿ ಬಂದ.

ಯೆರ್ಕೊ ಕಾಫಿ ಮುಗಿಸಿ, ಎಲ್ಲರೂ ನೋಡುತ್ತಿದ್ದಂತೆಯೇ ರಸ್ತೆ ದಾಟಿ ಹೋಗಿ ಚಾದರದ ಇನ್ನೊಂದು ತುದಿ ಹಿಡಿದ. ನೆವೆಂಕಾ ತನ್ನ ತುದಿ ಎಳೆದಳು. ಬಾರ್ಬಾ ದುಯೆ ಅಂಗಡಿಯ ಬಾಗಿಲಿಗೆ ಬಂದು ನಿಂತ.

"ಗಟ್ಟಿಯಾಗಿ ಹಿಡಿಯೋ ಯೆರ್ಕೊ," ಅಂತ ಕೂಗಿದ. "ಅದನ್ನೂ ಬಿಟ್ಟುಬಿಟ್ಟೀಯ."