ಎತ್ತಿನ ಮೇಲೆ ಹಿಂದುಮುಂದಾಗಿ ಕೂತವನು

ಹಲಗೆಯ ಮೇಲಿನ ಬಟ್ಟೆ ಸರಿದದ್ದೇ ತಡ, ವೀಟುಸ್ ಹಾಲ್‌ಹೂಬರನ ಎದೆ ಧಸಕ್ಕೆಂದಿತು.

ಬವೇರಿಯಾದ ಆ ಊರಿನ ಬಂದೂಕು ಸಂಘದವರು ವರ್ಷಕ್ಕೊಮ್ಮೆ ಗುಂಡು ಹೊಡೆಯುವ ಮರದ ಗುರಿಹಲಗೆಗೆ ಚಿತ್ರ ಬರೆದು, ಊರ ಮಾತಿನಲ್ಲೇ ಎರಡು ಸಾಲು ಪದ್ಯ ಕಟ್ಟುವವನು ಅವನೇ. ಮೂವತ್ತು ವರ್ಷದಲ್ಲಿ ಪಾದ್ರಿಯನ್ನೂ ಗೇಲಿ ಮಾಡದೆ ಬಿಟ್ಟವನಲ್ಲ. ಆದರೆ ಇದು ೧೯೩೮. ನಾಲಿಗೆ ಸಡಿಲ ಬಿಟ್ಟವರನ್ನು ಡಾಖಾವ್ ಯಾತನಾ ಶಿಬಿರಕ್ಕೆ ಎಳೆದೊಯ್ಯುತ್ತಿದ್ದ ಕಾಲ. ಯಾರ ಗೊಡವೆಯೂ ಬೇಡವೆಂದು ಈ ಸಲ, ಎತ್ತಿನ ಮೇಲೆ ಹಿಂದುಮುಂದಾಗಿ ಕೂತ ಯಾರೋ ಒಬ್ಬ ಡೊಳ್ಳುಹೊಟ್ಟೆಯವನನ್ನು ಬರೆದಿದ್ದ.

ಕೈ ಮೋಸ ಮಾಡಿತ್ತು. ಮುಖ ಬರೆದ ದಿನ ಬೆಳಿಗ್ಗೆ ಅವನು ಒಂದು ರುಜುವಿಗಾಗಿ ಆಳುವ ಪಕ್ಷ ನೇಮಿಸಿದ ಹೊಸ ಮೇಯರ್ ಸ್ಟೌಡಿಗ್ಲ್‌ನ ಎದುರು ಎರಡು ಗಂಟೆ ಕಾದಿದ್ದ. ಮೂರು ಮಡಿಕೆಯ ಆ ಗಲ್ಲ, ಆ ಕಿರುಗಣ್ಣು, ಇದ್ದದ್ದು ಇದ್ದಹಾಗೆ ಹಲಗೆಗೆ ಇಳಿದಿದ್ದವು. ಬರೆಯುವಾಗ ಕಾಣದ್ದು ಈಗ ದೂರದಿಂದ ಕಣ್ಣಿಗೆ ರಾಚಿತು.

ಮೊದಲ ಗುಂಡು ಮೇಯರನದು. ಬಂದೂಕು ಹಿಡಿದೇ ಅವನು, "ಪದ್ಯ ಓದಯ್ಯಾ" ಅಂದ.

ವೀಟುಸ್ ಓದಿದ:

"ಹಿಂದಕ್ ಕೂತ ಸವಾರ, ಬಾಯ್ತುಂಬ ತುತ್ತೂರಿ;
ಎತ್ತಿಗಷ್ಟೇ ಗೊತ್ತು ಮಾರಾಯಾ, ಮನೆಗ್ ಹೋಗೋ ದಾರಿ."

ಬಿಯರ್ ಮನೆಯ ಹಜಾರದಲ್ಲಿದ್ದ ನಲವತ್ತು ಜನ ತಂತಮ್ಮ ಲೋಟದೊಳಗೆ ಇಣುಕಿದರು.

"ಯಾಕ್ರಪ್ಪಾ, ಎಲ್ರ ಬಾಯಿಗೂ ಬೀಗ ಬಿದ್ದಿದೆ?" ಮೇಯರ್ ಹಲಗೆಯ ಹತ್ತಿರ ಹೋದ. "ಯಾರಿವ್ನು? ಎಲ್ಲೋ ನೋಡಿದಂಗಿದೆಯಲ್ಲಾ."

"ನಮ್ ಗಿರಣಿ ಕ್ವಿರೀನ್, ಸ್ವಾಮಿ," ವೀಟುಸ್ ಬಾಯಿಗೆ ಬಂದ ಹೆಸರು ಹೇಳಿಬಿಟ್ಟ. "ಹೋದ ಚಳಿಗಾಲ ತೀರ್ಕೊಂಡ. ಅವನ ನೆನಪಿಗೆ."

ಕ್ವಿರೀನ್ ಕಡ್ಡಿಪೈಲ್ವಾನ. ಜೋರು ಗಾಳಿಗೆ ಹಾರಿಹೋದಾನೆಂದು ಊರೇ ಆಡಿಕೊಳ್ಳುತ್ತಿತ್ತು. ಅವನನ್ನು ನೋಡದವನೆಂದರೆ ಪಟ್ಟಣದಿಂದ ಮೊನ್ನೆಮೊನ್ನೆ ಬಂದ ಈ ಮೇಯರ್ ಒಬ್ಬನೇ. ನಲವತ್ತರಲ್ಲಿ ಒಬ್ಬ ಕಿಸಕ್ಕೆಂದರೂ ವೀಟುಸನ ಕಥೆ ಮುಗಿದಂತೆ. ಅದೂ ಸಾಲದೆಂಬಂತೆ ಮುಂದಿನ ಬೆಂಚಿನಲ್ಲೇ ಕರಿಬಟ್ಟೆಯುಟ್ಟ ಕ್ವಿರೀನನ ಹೆಂಡತಿ ಅಫ್ರಾ ಕೂತಿದ್ದಳು. ಯಾರೋ ಹೆದರಿ ಅವಳತ್ತ ನೋಡಿದ್ದನ್ನು ಮೇಯರ್ ಗಮನಿಸಿದ.

"ಏನಮ್ಮಾ, ನೀನೇನಾ ಅವನ ಹೆಂಡ್ತಿ? ಇವ್ನು ನಿನ್ನ ಗಂಡಾನಾ?"

ಅಫ್ರಾ ಎದ್ದಳು. ಹಲಗೆ ನೋಡಿದಳು, ಮೇಯರನ ಮುಖ ನೋಡಿದಳು, ವೀಟುಸನನ್ನು ನೋಡಿದಳು.

"ಹೌದು ಸ್ವಾಮಿ, ಅವ್ರೇ. ತಿನ್ನೋಕ್ ಕೂತ್ರೆ ಏಳ್ತಾನೇ ಇರ್ಲಿಲ್ಲ. ಆ ಗಲ್ಲ ನೋಡಿ, ಥೇಟ್ ಅವ್ರದ್ದೇ."

ಮೇಯರ್ ಹೊಟ್ಟೆ ಕುಣಿಸಿ ನಕ್ಕು, ಹಿಂದೆ ಸರಿದು, ಚಿತ್ರದ ಹಣೆಗೇ ಗುಂಡು ಹೊಡೆದ. ಆಮೇಲೆ ಪದ್ಧತಿಯಂತೆ ಸಂಘದವರೆಲ್ಲ ಒಬ್ಬೊಬ್ಬರಾಗಿ ಹೊಡೆದರು. ಮುಖ ಪುಡಿಪುಡಿಯಾಗುವವರೆಗೂ ಅಫ್ರಾ ಕದಲದೆ ಕೂತಿದ್ದಳು.

ಅವಳು ಹೊರಟಾಗ ವೀಟುಸ್ ಬಾಗಿಲಾಚೆ ಅಡ್ಡಬಂದು ನಿಂತ. "ಅಫ್ರಕ್ಕಾ, ನನ್ ಜೀವ ಉಳಿಸ್ದೆ."

"ಕೊನೇ ಮೂರು ತಿಂಗ್ಳು ಅವ್ರ ಗಂಟಲಲ್ಲಿ ಗಂಜೀನೂ ಇಳೀತಿರ್ಲಿಲ್ಲ," ಅಂದಳು ಅಫ್ರಾ. "ನಿನ್ನೆದುರೇ ಅಲ್ವಾ ಹಸ್ಕೊಂಡು ಸತ್ತಿದ್ದು?"

ಅಷ್ಟರಲ್ಲಿ ಒಳಗಿನಿಂದ, ಇನ್ನೊಂದು ಪದ್ಯ ಆಗಲೆಂದು ಮೇಯರ್ ಕೂಗಿದ. ಅವಳನ್ನು ಅಲ್ಲೇ ಬಿಟ್ಟು ವೀಟುಸ್ ಓಡೋಡಿ ಒಳಗೆ ಹೋದ.