ಕಿವಿಯಣ್ಣ ಕೇಳಿಸಿಕೊಳ್ಳದ ಸದ್ದು

ಪಾಸ್ತಾ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಕಿವಿ ದೊಡ್ಡದಿತ್ತು ಅಂತಲ್ಲ ಮತ್ತೆ. ಒಣಗಿದ ಪಾಸ್ತಾದ ಒಂದು ಎಳೆಯನ್ನು ಕಿವಿಯ ಹತ್ತಿರ ಹಿಡಿದು ಮುರಿದರೆ ಸಾಕು, ಒಳಗೆ ಹಸಿ ಉಳಿದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ‘ಟಕ್’ ಎಂದರೆ ಪ್ಯಾಕಿಂಗಿಗೆ, ಮೆತ್ತಗೆ ಸದ್ದು ಮಾಡಿದರೆ ಮತ್ತೆ ಒಣಗಿಸುವ ಕೋಣೆಗೆ. ಇಪ್ಪತ್ತೆರಡು ವರ್ಷ ಅವನ ಮಾತಿಗೆ ಎದುರಿರಲಿಲ್ಲ. ಅವನ ಹೆಂಡತಿಯಂತೂ ಬೀದಿಯಲ್ಲಿ ಸಿಕ್ಕವರಿಗೆಲ್ಲ ಗಂಡನ ಕಿವಿಯ ಗುಣಗಾನ ಮಾಡದೆ ಬಿಡುತ್ತಿರಲಿಲ್ಲ.

ಪಾಸ್ತಾ ಮಾಡುವುದೇನೂ ಬ್ರಹ್ಮವಿದ್ಯೆಯಲ್ಲ. ರವೆ, ನೀರು, ಯಂತ್ರ. ಕಲಸಿದ ಹಿಟ್ಟು ತೂತುಬಿಲ್ಲೆಯಿಂದ ಉದ್ದುದ್ದ ಎಳೆಯಾಗಿ ಇಳಿಯುತ್ತದೆ, ಅದನ್ನು ಕೋಲುಗಳ ಮೇಲೆ ನೇತುಹಾಕುತ್ತಾರೆ. ಕಷ್ಟವಿರುವುದು ಒಣಗಿಸುವುದರಲ್ಲಿ. ಸಣ್ಣ ಬಿಸಿ, ಸಣ್ಣ ಗಾಳಿ, ಪೂರ್ತಿ ಎರಡು ದಿನ. ಹೊಸಬರಿಗೆ ಕಿವಿಯಣ್ಣನೇ ಪಾಠ ಹೇಳುತ್ತಿದ್ದ: “ಬಿಸಿ ಜಾಸ್ತಿ ಮಾಡಿದ್ರೆ ಹೊರಗಡೆ ಒಣಗುತ್ತೆ, ಹೊಟ್ಟೆ ಹಸಿಯಾಗೇ ಇರುತ್ತೆ. ಅವತ್ತು ಏನೂ ಗೊತ್ತಾಗಲ್ಲ. ಎರಡು ದಿನ ಬಿಟ್ಟು ತಾನಾಗೇ ಸೀಳುತ್ತೆ, ಯಾರೂ ಮುಟ್ಟದೇ ಇದ್ರೂ.”

ಇಷ್ಟು ತಿಳಿದವನು ಮಾಡಿದ ಕೆಲಸ ನೋಡಿ. ಸೋಮವಾರ ಊಟವಾದ ಮೇಲೆ ಕಣ್ಣು ಎಳೆಯಿತು. ಒಣಗಿಸುವ ಕೋಣೆಯ ಫ್ಯಾನುಗಳ ಗದ್ದಲ ಬೇಡವೆಂದು ಆರಿಸಿ, ಮೂಟೆಗಳ ಮೇಲೆ ಒರಗಿದ. ಎದ್ದವನು ಫ್ಯಾನ್ ಹಾಕುವುದನ್ನು ಮರೆತು ಸೀದಾ ಮನೆಗೆ ಹೋದ. ಮಂಗಳವಾರ ಬೆಳಿಗ್ಗೆ ಬಂದು ಮುಟ್ಟಿದರೆ ಎಳೆಗಳು ಮೆತ್ತಗೆ ಬೆರಳಿಗೆ ಅಂಟಿಕೊಂಡವು. ಬುಧವಾರಕ್ಕೆ ಲಾರಿ ಬರುವುದಿತ್ತು. ನಿದ್ದೆ ಮಾಡಿದೆ ಎಂದು ಯಜಮಾನಮ್ಮನ ಮುಂದೆ ಹೇಳುವುದಕ್ಕೆ ಬಾಯಿ ಬರಲಿಲ್ಲ. ಬಿಸಿಯನ್ನು ಎರಡರಷ್ಟು ಏರಿಸಿದ, ಎರಡೂ ಫ್ಯಾನ್ ಹಾಕಿದ.

ಬುಧವಾರ ಒಂದು ಎಳೆ ಮುರಿದು ನೋಡಿದ. ‘ಟಕ್’ ಎಂದಿತು. ಆದರೆ ಆ ‘ಟಕ್’ನಲ್ಲಿ ಏನೋ ಒಂದು ಬಿರುಸು ಇತ್ತು. ಅವನ ಕಿವಿಗೆ ಅದು ಗೊತ್ತಾಯಿತು. “ಆಯ್ತು, ಪ್ಯಾಕ್ ಮಾಡಿ” ಎಂದ. ಎಂದಿನಂತೆ ಮನೆಗೊಂದಿಷ್ಟು ತೆಗೆದುಕೊಂಡು ಹೋಗಿ, ಡಬ್ಬಕ್ಕೆ ತುಂಬಿ, ‘ಬುಧವಾರ’ ಎಂದು ಚೀಟಿ ಅಂಟಿಸಿ ಅಡುಗೆಮನೆಯ ಮೇಲಿನ ಹಲಗೆಗೆ ಸೇರಿಸಿದ.

ಪ್ಯಾಕಿಂಗ್ ಮೇಜಿನಲ್ಲಿದ್ದವಳು ಅವನ ನಾದಿನಿ, ಹೆಂಡತಿಯ ತಂಗಿ. ಕೆಲಸ ಕೊಡಿಸಿದವನೂ ಅವನೇ. ಎರಡು ವರ್ಷ ಅಕ್ಕನ ಮನೆಯಲ್ಲಿದ್ದು, ಹೋದ ತಿಂಗಳಷ್ಟೇ ಒಂದು ಕಿಟಕಿಯ ಬಾಡಿಗೆ ಕೋಣೆಗೆ ಹೋಗಿದ್ದಳು. ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕತ್ತಿಗೆ ಹಾಕಿಕೊಂಡು ಓಡಾಡುತ್ತಿದ್ದಳು, ಅಷ್ಟು ಸಂಭ್ರಮ. ಕೆಲಸ ಕಾಯಂ ಆಗುವುದಕ್ಕೆ ಇನ್ನು ಹತ್ತು ದಿನ ಬಾಕಿ. ಚಿಕ್ಕಂದಿನಲ್ಲಿ ಲೋಟ, ತಟ್ಟೆ, ಕನ್ನಡಿ ಎಲ್ಲ ಬೀಳಿಸಿ ಒಡೆದವಳೆಂದು ಅಕ್ಕ ಇಟ್ಟ ಹೆಸರು ‘ಜಾರುಗೈ’. ಆ ಹೆಸರು ಕಾರ್ಖಾನೆಗೂ ಬಂದಿತ್ತು. ತಂದವನು ಭಾವನೇ, ತಮಾಷೆಗೆ.

ಶುಕ್ರವಾರ ಹಾಸ್ಟೆಲಿನ ಅಡುಗೆಯವನು ಪಾಸ್ತಾ ಪೊಟ್ಟಣಗಳನ್ನು ಹೊತ್ತುಕೊಂಡೇ ಬಂದ. “ಏನಮ್ಮಾ ಇದು? ಉದ್ದ ಪಾಸ್ತಾ ಕೇಳಿದ್ರೆ ಕಡ್ಡಿಪುಡಿ ಕಳ್ಸಿದೀರಲ್ಲ! ನೀರಿಗೆ ಹಾಕಿದ್ರೆ ಗಂಜಿ!” ಉಳಿದ ಪೊಟ್ಟಣಗಳನ್ನು ಬಿಚ್ಚಿದರೆ ಅವೂ ಅಷ್ಟೇ. ಎಲ್ಲರ ಕಣ್ಣೂ ನಾದಿನಿಯ ಮೇಲೆ ಹೋಯಿತು.

“ನಾನು ಬೀಳಿಸಿಲ್ಲಮ್ಮ. ಒಂದು ಟ್ರೇನೂ ಬೀಳಿಸಿಲ್ಲ” ಎಂದಳು ಅವಳು. ಆಮೇಲೆ ಅವನ ಕಡೆ ತಿರುಗಿದಳು. “ಭಾವ, ನೀವಾದ್ರೂ ಹೇಳಿ.”

ಯಜಮಾನಮ್ಮ ಕೇಳಿದರು, “ನೀವು ಕೊಟ್ಟಾಗ ಹೇಗಿತ್ತು ಕಿವಿಯಣ್ಣ?”

“ಕೊಟ್ಟಾಗ ಚೆನ್ನಾಗೇ ಇತ್ತು” ಎಂದ. ಕಣ್ಣಿಗೆ ಕಂಡ ಮಟ್ಟಿಗೆ ಅದೇನೋ ನಿಜವೇ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಯಜಮಾನಮ್ಮ ಇನ್ನೂ ಅವನ ಮುಖವನ್ನೇ ನೋಡುತ್ತಿದ್ದರು. “ಇವಳ ಕೈ ವಿಷಯ ಗೊತ್ತಲ್ಲ” ಎಂದುಬಿಟ್ಟ.

ಯಾರೋ ಕಿಸಕ್ಕೆಂದು ನಕ್ಕರು. “ನಾಳೆಯಿಂದ ಬರಬೇಡಮ್ಮ” ಎಂದರು ಯಜಮಾನಮ್ಮ. ನಾದಿನಿ ಏಪ್ರನ್ ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟು ಹೋದಳು. ಭಾವನನ್ನು ತಿರುಗಿಯೂ ನೋಡಲಿಲ್ಲ.

ಸಂಜೆ ಅವನು ಮನೆಗೆ ಬಂದಾಗ ಅವಳು ಅಡುಗೆಮನೆಯಲ್ಲಿ ಕೂತಿದ್ದಳು. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು. “ಹೋಗ್ಲಿ ಬಿಡೇ, ಕೋಣೆ ಖಾಲಿ ಮಾಡಿ ಇಲ್ಲಿಗೇ ಬಾ” ಎಂದು ಅಕ್ಕ ಸಮಾಧಾನ ಹೇಳುತ್ತಿದ್ದಳು. ತಂಗಿ ಕತ್ತಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಅವನು ಬಾಗಿಲಲ್ಲೇ ನಿಂತ. ಒಳಗೆ ಹೋಗುವುದಕ್ಕೆ ಮುಖವಿರಲಿಲ್ಲ.

ಆಗ ಕೇಳಿಸಿತು. ಚಿಟ್.

ಮೇಲಿನ ಹಲಗೆಯಿಂದ. ಸ್ವಲ್ಪ ಹೊತ್ತಿಗೆ ಮತ್ತೊಂದು ಚಿಟ್. ಉಳಿದಿಬ್ಬರಿಗೆ ಏನೂ ಗೊತ್ತಾಗಲಿಲ್ಲ. ಅವನ ಕಿವಿಗೆ ಮಾತ್ರ ತಿಳಿಯಿತು. ಯಾರೂ ಮುಟ್ಟದ ಡಬ್ಬದೊಳಗೆ ಎಳೆಗಳು ತಾವಾಗಿಯೇ ಮುರಿಯುತ್ತಿದ್ದವು.

“ಮೊದ್ಲು ಹೊಟ್ಟೆಗೇನಾದ್ರೂ ಹಾಕ್ಕೋ” ಎಂದು ಹೆಂಡತಿ ಅದೇ ಡಬ್ಬ ಇಳಿಸಿ ಮುಚ್ಚಳ ತೆಗೆದಳು. “ಅಯ್ಯೋ! ಇದೂ ಪುಡಿ ಆಗಿದ್ಯಲ್ಲ! ಇದನ್ಯಾರು ಬೀಳ್ಸಿದ್ದು?”

ನಾದಿನಿ ಇಣುಕಿದಳು. ಚೀಟಿ ನೋಡಿದಳು. ‘ಬುಧವಾರ’, ಭಾವನ ಅಕ್ಷರ. ಅವಳ ಪ್ಯಾಕಿಂಗ್ ಮೇಜಿಗೆ ಬಾರದೆ ನೇರ ಮನೆಗೆ ಬಂದ ಪಾಸ್ತಾ. ಅವಳು ನಿಧಾನವಾಗಿ ತಲೆಯೆತ್ತಿ ಅವನನ್ನು ನೋಡಿದಳು. ಅವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

“ನಾನೇ ಅಕ್ಕ” ಎಂದಳು. “ಆಗ್ಲೇ ಲೋಟ ತೆಗೆಯೋವಾಗ ಕೈ ತಗುಲಿ ಬಿತ್ತು.”

“ಕರ್ಮ! ಅದಕ್ಕೇ ನಿನ್ನ ಕೆಲಸದಿಂದ ಕಳ್ಸಿದ್ದು!” ಎಂದು ಅಕ್ಕ ಗೊಣಗುತ್ತಾ ಬೇರೆ ಏನಾದರೂ ತರಲು ಪಕ್ಕದ ಅಂಗಡಿಗೆ ಹೋದಳು.

“ಯಾಕೆ ಹಾಗೆ ಹೇಳ್ದೆ?” ಅವನು ಬಾಗಿಲು ದಾಟಿ ಒಳಗೆ ಬಂದು ಕೇಳಿದ.

“ಅಕ್ಕ ನಿಮ್ಮ ಕಿವಿ ಬಗ್ಗೆ ಊರಿಗೆಲ್ಲಾ ಹೇಳ್ಕೊಂಡು ಓಡಾಡ್ತಾಳೆ ಭಾವ. ನನ್ನ ಕೈ ಬಗ್ಗೆ ಹೇಳ್ಕೊಳ್ಳೋಕೆ ಏನಿದೆ? ಹೇಗೂ ಕೆಟ್ಟ ಹೆಸರು ಬಂದಾಗಿದೆ. ಇನ್ನೊಂದು ಸೇರಿದ್ರೆ ಏನಂತೆ?”

ಚಪ್ಪಲಿಯಲ್ಲಿ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದ. ಹೆಂಡತಿ ವಾಪಸು ಬಂದಾಗ ಅವನು ಎಲ್ಲವನ್ನೂ ಹೇಳಿದ. ಮಧ್ಯಾಹ್ನದ ನಿದ್ದೆ, ಏರಿಸಿದ ಬಿಸಿ, ಕಾರ್ಖಾನೆಯಲ್ಲಿ ಆಡಿದ ಮಾತು. ಅವಳು ಬೈಯಲಿಲ್ಲ. ತಂದ ಬ್ರೆಡ್ಡನ್ನು ತಂಗಿಯ ಮುಂದಿಟ್ಟಳು. ಆ ಚೂರುಗಳನ್ನು ಬೇಯಿಸಿ ಅವನೊಬ್ಬನಿಗೇ ಬಡಿಸಿದಳು. ಮುದ್ದೆಯಾಗಿದ್ದ ಅದನ್ನು ಅವನು ಚಮಚದಿಂದ ತಿಂದ, ಒಂದು ಚೂರೂ ಬಿಡದೆ.

ಮರುದಿನ ನಾದಿನಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಹಿಂದಿನ ದಿನ ನಕ್ಕವರೆಲ್ಲರ ಎದುರಿಗೇ ಯಜಮಾನಮ್ಮನಿಗೆ ಹೇಳಿದ.

“ಕಿವಿ ಕೈಕೊಡ್ತಾ ಕಿವಿಯಣ್ಣ?”

“ಇಲ್ಲಮ್ಮ. ಕಿವಿ ಸರಿಯಾಗೇ ಹೇಳಿತ್ತು. ನಾನೇ ಕೇಳಿಸ್ಕೊಳ್ಳಲಿಲ್ಲ. ಇವಳದ್ದೇನೂ ತಪ್ಪಿಲ್ಲ.”

ಯಜಮಾನಮ್ಮ ಮಡಿಸಿಟ್ಟಿದ್ದ ಏಪ್ರನ್ ತೆಗೆದು ನಾದಿನಿಗೆ ಕೊಟ್ಟರು. “ನಿಮ್ಮ ವಿಷಯ ಆಮೇಲೆ ಮಾತಾಡೋಣ” ಎಂದರು ಅವನಿಗೆ.

ನಾದಿನಿ ಏಪ್ರನ್ ಕಟ್ಟಿಕೊಂಡು, ಮೇಜಿಗೆ ಹೋಗಿ, “ಭಾವ, ಟ್ರೇ ಕೊಡಿ” ಎಂದಳು. ಅವನು ಎತ್ತಿಕೊಂಡ. ನಾಲ್ಕು ಹೆಜ್ಜೆ ಇಟ್ಟನೋ ಇಲ್ಲವೋ, ಟ್ರೇ ಜಾರಿ ನೆಲಕ್ಕೆ ಅಪ್ಪಳಿಸಿತು. ಎಳೆಗಳು ಕೋಣೆ ತುಂಬ ಚೆಲ್ಲಿದವು.

ಸದ್ದಿಗೆ ತಿರುಗಿದವರೆಲ್ಲ, ಅಭ್ಯಾಸವಾಗಿಹೋಗಿತ್ತಲ್ಲ, ನಾದಿನಿಯ ಕಡೆಗೇ ನೋಡಿದರು.

“ನಾನು” ಎಂದ ಕಿವಿಯಣ್ಣ, ಯಾರಾದರೂ ಕೇಳುವ ಮೊದಲೇ. “ನಾನೇ ಬೀಳಿಸಿದ್ದು.”