ಸಿಗ್ನಲ್ ಸಿಗದ ಹೋಟೆಲು

ಆ ಹೋಟೆಲಿನಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಗೋಡೆಗೆ ಗಡಿಯಾರವಿಲ್ಲ, ಕೋಣೆಯಲ್ಲಿ ಟಿವಿ ಇಲ್ಲ, ಫೋನಿಗೆ ಸಿಗ್ನಲ್ ಅಂತೂ ಮೊದಲೇ ಇಲ್ಲ. ಇರುವುದೆಲ್ಲ ಬೆರಳೆಣಿಕೆಯ ಕೋಣೆಗಳು, ನಡುವೆ ಒಂದು ಪುಟ್ಟ ಈಜುಕೊಳ, ಅದರ ಸುತ್ತ ಮೈಚೆಲ್ಲಲು ಮೆತ್ತನೆಯ ಕುರ್ಚಿಗಳು. ಥೀಮ್ ಪಾರ್ಕಿನಲ್ಲಿ ದಿನವಿಡೀ ಕಿರುಚಿ ಬಂದವರು ಇಲ್ಲಿ ಬಾಯಿ ಮುಚ್ಚಿಕೊಂಡು ಸುಧಾರಿಸಿಕೊಳ್ಳಲಿ ಎಂಬುದು ಮಾಲೀಕರ ಲೆಕ್ಕಾಚಾರ. "ಆರಾಮಾಗಿರಿ ಮೇಡಂ, ಹೊರಗಿನ ಪ್ರಪಂಚಾನೇ ಮರೆತುಬಿಡ್ತೀರಾ," ಎಂದು ರಿಸೆಪ್ಷನ್ ಹುಡುಗಿ ಪಿಸುದನಿಯಲ್ಲಿ ಹೇಳಿದಾಗ ಚಿಕ್ಕಮ್ಮನಿಗೆ ಅವಳ ಕೆನ್ನೆಗೆ ಎರಡು ಬಿಡಬೇಕು ಅನ್ನಿಸಿತ್ತು. ಹೊರಗಿನ ಪ್ರಪಂಚದಲ್ಲಿ ಚಿಕ್ಕಮ್ಮನ ಅಕ್ಕ ಇದ್ದಳು. ಬೆಳಗಾದರೆ ಡಾಕ್ಟರುಗಳು ಅಕ್ಕನ ಎದೆಯನ್ನು ಬಿಚ್ಚುವವರಿದ್ದರು.

ಅಕ್ಕನ ಹೃದಯದ ಕವಾಟವೊಂದು ಕೆಟ್ಟಿತ್ತು. ಅದನ್ನು ತೆಗೆದು ಬೇರೆಯದು ಕೂರಿಸಬೇಕು, ತಡ ಮಾಡುವ ಹಾಗಿಲ್ಲ ಎಂದಿದ್ದರು. ಅಕ್ಕನೋ, ಆಸ್ಪತ್ರೆಗೆ ಸೇರುವ ಮುನ್ನ ಮಾಡಿದ ಮೊದಲ ಕೆಲಸವೆಂದರೆ ತಂಗಿಯ ಕೈಗೆ ತನ್ನ ಒಂಬತ್ತು ವರ್ಷದ ಮಗಳನ್ನು ಕೊಟ್ಟು, ಥೀಮ್ ಪಾರ್ಕಿನ ಟಿಕೆಟ್ಟನ್ನೂ ಹೋಟೆಲಿನ ಬುಕಿಂಗನ್ನೂ ಹಿಡಿಸಿದ್ದು. "ರಜಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದೆ ಕಣೆ. ನಂಗೆ ಆಫೀಸ್ ಕೆಲಸ ಬಂತು ಅಂತ ಹೇಳಿದೀನಿ. ಅವಳಿಗೆ ಒಂದು ಚೂರೂ ಗೊತ್ತಾಗಬಾರದು. ನಗಿಸಿಕೊಂಡು ಇರು. ದಮ್ಮಯ್ಯ, ಆ ನಿನ್ನ ಮುಖಾನ ಸ್ವಲ್ಪ ಸರಿಯಾಗಿಟ್ಕೋ."

ಮುಖದ ಮಾತು ಬರಲು ಕಾರಣವಿತ್ತು. ಇದೇ ಮಗು ಹುಟ್ಟಿದ ದಿನ ಹೆರಿಗೆ ವಾರ್ಡಿನ ಹೊರಗೆ ಕಾಯುತ್ತ ನಿಂತಿದ್ದ ಚಿಕ್ಕಮ್ಮ ದೊಪ್ಪನೆ ಮೂರ್ಛೆ ಬಿದ್ದಿದ್ದಳು. ನರ್ಸುಗಳು ಅವಳಿಗೂ ಒಂದು ಹಾಸಿಗೆ ಕೊಡಬೇಕಾಯಿತು. ಹೆಂಡತಿಯ ಬಳಿಗೊಮ್ಮೆ, ನಾದಿನಿಯ ಬಳಿಗೊಮ್ಮೆ ಓಡಾಡಿ ಭಾವ ಸುಸ್ತಾಗಿಹೋಗಿದ್ದ. ಮನೆಯಲ್ಲಿ ಆ ಕಥೆ ಹೇಳಿ ನಗದ ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಚಿಕ್ಕಮ್ಮನೂ ನಗುತ್ತಿದ್ದಳು, ಪಾಪ, ಇನ್ನೇನು ಮಾಡಿಯಾಳು?

ಅವಳು ಟೈಲರು. ಕೈಗೆ ಕೆಲಸವಿಲ್ಲದಿದ್ದರೆ ಜೀವ ನಿಲ್ಲುತ್ತಿರಲಿಲ್ಲ. ಹೋಟೆಲಿಗೆ ಬಂದ ಸಂಜೆಯೇ ಬ್ಯಾಗಿನಿಂದ ಸೂಜಿ ದಾರ ತೆಗೆದು ಮಗುವಿನ ಅಂಗಿಗಳ ಗುಂಡಿಗಳನ್ನೆಲ್ಲ ಬಿಗಿ ಮಾಡಿದಳು. ಅದು ಮುಗಿಯಿತು. ಹೋಟೆಲಿನವರ ಸ್ನಾನದ ನಿಲುವಂಗಿಯ ಜೇಬು ಸ್ವಲ್ಪ ಬಿಟ್ಟಿತ್ತು, ಅದನ್ನೂ ಹೊಲಿದಳು. ಪರದೆಯ ಅಂಚಿಗೆ ಕೈ ಹಾಕಿದಾಗ ಮಗು ಹಾಸಿಗೆಯಿಂದಲೇ ಕೂಗಿತು: "ಚಿಕ್ಕಮ್ಮಾ, ಅದು ನಮ್ಮನೇದಲ್ಲ!"

ಮಗುವನ್ನು ಎಲ್ಲರೂ ಕರೆಯುತ್ತಿದ್ದುದು ಚಿನಕುರುಳಿ ಎಂದು. ಬಾಯಿ ಅಷ್ಟು ಚುರುಕು.

ಬೆಳಿಗ್ಗೆ ಚಿನಕುರುಳಿ ಹಲ್ಲುಜ್ಜುವಾಗ ಚಿಕ್ಕಮ್ಮ ಫೋನ್ ಹಿಡಿದು ಹೋಟೆಲನ್ನೆಲ್ಲ ಸುತ್ತಿದಳು. ಕೊಳದ ಬಳಿ ಇಲ್ಲ, ಮೆಟ್ಟಿಲಲ್ಲಿ ಇಲ್ಲ. ಕೊನೆಗೆ ಹಿತ್ತಲಲ್ಲಿ, ಒಗೆದ ಟವೆಲುಗಳನ್ನು ಒಣಹಾಕಿದ್ದ ತಂತಿಯ ಕೆಳಗೆ ಸಿಗ್ನಲಿನ ಒಂದು ಕಡ್ಡಿ ಕಾಣಿಸಿತು. ಒದ್ದೆ ಟವೆಲುಗಳ ನಡುವೆ ಕಳ್ಳಿಯ ಹಾಗೆ ನಿಂತು ಭಾವನಿಗೆ ಫೋನ್ ಮಾಡಿದಳು.

"ಈಗಷ್ಟೇ ಒಳಗೆ ಕರ್ಕೊಂಡು ಹೋದ್ರು," ಎಂದ ಭಾವ. "ಮಧ್ಯಾಹ್ನದ ಮೇಲಾಗುತ್ತೆ. ನೀನು ಗಳಿಗೆಗೊಂದ್ಸಲ ಮಾಡ್ಬೇಡಮ್ಮ, ಮುಗಿದ ತಕ್ಷಣ ನಾನೇ ಮಾಡ್ತೀನಿ."

"ಹೋಗೋವಾಗ ಏನಂದ್ಲು ಭಾವ?"

"ಏನೂ ಇಲ್ಲ. ನನ್ನ ತಂಗಿಗೆ ಹೊಟ್ಟೆ ತುಂಬ ತಿನ್ನೋಕೆ ಹೇಳು ಅಂದ್ಲು."

ಚಿಕ್ಕಮ್ಮ ಫೋನ್ ಇಟ್ಟಳು. ಕಣ್ಣೊರೆಸಿಕೊಂಡು ತಿರುಗಿದರೆ ಟವೆಲುಗಳ ಸಂದಿಯಲ್ಲಿ ಚಿನಕುರುಳಿ ನಿಂತಿದ್ದಾಳೆ.

"ಯಾರ ಹತ್ರ ಮಾತಾಡ್ತಿದ್ದೆ?"

"ಅಂಗಡಿ ಹುಡುಗಿ ಹತ್ರ. ಯಾರದೋ ಯೂನಿಫಾರ್ಮ್ ಸೊಂಟ ಬಿಗಿಯಾಯ್ತಂತೆ."

"ಅದಕ್ಕೆ ಅಳ್ತೀಯಾ?"

"ಅಳೋದಾ? ಟವೆಲಿನ ಸೋಪು ಕಣ್ಣಿಗೆ ಹೋಯ್ತು. ನಡಿ ನಡಿ, ಪಾರ್ಕಿಗೆ ಲೇಟಾಗುತ್ತೆ."

ಚಿನಕುರುಳಿ ಅವಳ ಕೈ ಹಿಡಿದುಕೊಂಡಳು. ಬೇರೆ ದಿನವಾಗಿದ್ದರೆ ಒಗೆದು ಹಿಂಡಿದ ಟವೆಲಿಗೆ ಎಲ್ಲಿಂದ ಬಂತು ಸೋಪು ಎಂದು ಇನ್ನೂ ಹತ್ತು ಪ್ರಶ್ನೆ ಕೇಳುತ್ತಿದ್ದಳು. ಚಿಕ್ಕಮ್ಮನಿಗೆ ಅದನ್ನೆಲ್ಲ ಗಮನಿಸುವ ವ್ಯವಧಾನವಿರಲಿಲ್ಲ. ಸದ್ಯ, ಬಚಾವಾದೆ ಎಂದುಕೊಂಡಳು.

ಪಾರ್ಕಿನಲ್ಲಿ ಸಿಗ್ನಲ್ ಧಾರಾಳವಾಗಿತ್ತು. ಒಂದು ಬೆಂಚು ಹಿಡಿದು ಕೂತು, ಫೋನನ್ನು ಮಡಿಲಲ್ಲಿಟ್ಟುಕೊಂಡು, ಮಗು ಆಡುವುದನ್ನು ನೋಡುತ್ತಿದ್ದರಾಯಿತು ಎಂಬುದು ಚಿಕ್ಕಮ್ಮನ ಯೋಜನೆ. ಚಿನಕುರುಳಿ ಬಿಡಬೇಕಲ್ಲ! ಚಿಕ್ಕಮ್ಮ ಕೂತರೆ ಸಾಕು, "ಏಳು, ಈಗ ದೋಣಿ." ಫೋನ್ ಕೈಗೆ ತೆಗೆದರೆ ಸಾಕು, "ಏಳು, ಈಗ ತಿರುಗೋ ಬಟ್ಟಲು." ಒಬ್ಬಳೇ ಹೋಗು ಎಂದರೆ ಸುತರಾಂ ಒಪ್ಪಲಿಲ್ಲ. ಇಂಥ ಹಠಮಾರಿ ಇವಳು ಯಾವತ್ತಿನಿಂದ ಆದಳು? ಬಟ್ಟಲು ಗರಗರ ತಿರುಗುವಾಗ ಚಿಕ್ಕಮ್ಮನಿಗೆ ಜೀವ ಬಾಯಿಗೆ ಬಂತು. ಇಳಿದು ಓಲಾಡುತ್ತ ನಿಂತಾಗ ಚಿನಕುರುಳಿ ಜೇಬಿನಿಂದ ಒಂದು ಪೆಪ್ಪರ್‌ಮೆಂಟ್ ತೆಗೆದು ಅವಳ ಬಾಯಿಗಿಟ್ಟಳು. ಜೇಬಿನ ತುಂಬ ಅವೇ.

ಮಧ್ಯಾಹ್ನವಾಯಿತು. ಫೋನ್ ಬರಲಿಲ್ಲ. ಊಟದ ತಟ್ಟೆ ಇಬ್ಬರ ಮುಂದೆಯೂ ಹಾಗೇ ಉಳಿಯಿತು. ಇಷ್ಟೊತ್ತಿಗೆ ಮುಗಿದಿರಬೇಕಿತ್ತಲ್ಲ. ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ? ಆಗಿದ್ದರೂ ಭಾವ ಹೇಳುವವನೇ? ಈ ಮಗುವಿಗೆ ನಾನು ಯಾವ ಬಾಯಲ್ಲಿ ಹೇಳಲಿ? ಮಗುವಿನ ಮುಖ ನೋಡಲಾಗದೆ ತಟ್ಟೆಯನ್ನೇ ನೋಡುತ್ತ ಕೂತಳು.

"ಏಳು ಚಿಕ್ಕಮ್ಮ. ಈಗ ಡ್ರ್ಯಾಗನ್."

ಡ್ರ್ಯಾಗನ್ ಎಂದರೆ ಆ ಪಾರ್ಕಿನ ಅತಿ ಎತ್ತರದ ರೋಲರ್ ಕೋಸ್ಟರ್. ಅದಕ್ಕೆ ಹತ್ತುವವರು ಫೋನು, ಕನ್ನಡಕ ಎಲ್ಲವನ್ನೂ ಲಾಕರಿನಲ್ಲಿಡಬೇಕು.

"ಬೇಡ ಬಂಗಾರ. ಫೋನ್ ಬಿಟ್ಟು ಬರೋಕಾಗಲ್ಲ ನಂಗೆ. ಅಂಗಡಿಯಿಂದ ಮಾಡ್ತಾರೆ."

"ಬಾ ಅಂದ್ರೆ ಬಾ!" ಚಿನಕುರುಳಿ ನೆಲಕ್ಕೆ ಕಾಲು ಬಡಿದಳು. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ನೀನು ಬರ್ಲೇಬೇಕು!"

ನಗಿಸಿಕೊಂಡು ಇರು ಎಂದಿದ್ದಳು ಅಕ್ಕ. ಚಿಕ್ಕಮ್ಮ ಹಲ್ಲು ಕಚ್ಚಿ ಫೋನನ್ನು ಲಾಕರಿನಲ್ಲಿಟ್ಟಳು. ಬೀಗ ಹಾಕುವಾಗ ಅಕ್ಕನನ್ನೇ ಒಳಗಿಟ್ಟು ಬೀಗ ಹಾಕಿದಂತಾಯಿತು. ಆಮೇಲಿನದು ಅವಳಿಗೆ ಸರಿಯಾಗಿ ನೆನಪಿಲ್ಲ. ಮೇಲೇರಿದ್ದು, ಬಿದ್ದದ್ದು, ತಲೆಕೆಳಗಾದದ್ದು, ಯಾರೋ ಅಯ್ಯಯ್ಯೋ ಎಂದು ಅರಚಿದ್ದು, ಅದು ತನ್ನದೇ ದನಿ ಎಂದು ಗೊತ್ತಾದದ್ದು. ಒಮ್ಮೆ ಮಾತ್ರ ಪಕ್ಕಕ್ಕೆ ನೋಡಿದಳು. ಚಿನಕುರುಳಿ ಕಿರುಚುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಚಿಕ್ಕಮ್ಮನ ಮುಖವನ್ನೇ ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು.

ಇಳಿದವಳೇ ಲಾಕರಿನತ್ತ ಓಡಿದಳು. ಫೋನಿನ ಮೇಲೆ ಸಾಲಾಗಿ ಮಿಸ್ಡ್ ಕಾಲ್. ಎಲ್ಲವೂ ಭಾವನವೇ.

ಅವಳು ವಾಪಸ್ ಮಾಡಿದಳು. ಬ್ಯುಸಿ. ಮತ್ತೆ ಮಾಡಿದಳು. ಮತ್ತೂ ಬ್ಯುಸಿ. ಯಾರ ಜೊತೆ ಮಾತಾಡುತ್ತಿದ್ದಾನೆ? ಎಲ್ಲರಿಗೂ ಸುದ್ದಿ ತಿಳಿಸುತ್ತಿದ್ದಾನೆಯೇ? ಏನು ಸುದ್ದಿ? ಚಿಕ್ಕಮ್ಮ ಲಾಕರುಗಳ ಸಾಲಿಗೆ ಒರಗಿ ಹಾಗೇ ಕುಸಿದು ನೆಲಕ್ಕೆ ಕೂತಳು. ಕಣ್ಣು ಕತ್ತಲಿಟ್ಟಿತು.

ಮುಖಕ್ಕೆ ತಣ್ಣೀರು ಬಿತ್ತು. ಬಾಯಿಗೆ ಪೆಪ್ಪರ್‌ಮೆಂಟ್ ಬಂತು. ಚಿನಕುರುಳಿ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಿಂದ ಅವಳ ಕೆನ್ನೆ ಹಿಡಿದಿದ್ದಳು.

"ಬೀಳ್ಬೇಡ ಚಿಕ್ಕಮ್ಮ. ಜೋರಾಗಿ ಉಸಿರು ತಗೋ. ಇಲ್ಲಿ ಬೆಡ್ ಇಲ್ಲ."

"ಏನಂದೆ?"

"ಅಮ್ಮನ ಆಪರೇಷನ್ ವಿಷ್ಯ ನಂಗೊತ್ತು. ಎದೆ ಒಳಗಿನ ಬಾಗಿಲು ಕೆಟ್ಟಿದೆ, ಬೇರೆ ಹಾಕ್ತಾರೆ. ಅಮ್ಮಾನೇ ಹೇಳಿದ್ಲು." ಮಗು ಪಾಠ ಒಪ್ಪಿಸುವಂತೆ ಹೇಳುತ್ತಿತ್ತು. "ಚಿಕ್ಕಮ್ಮ ಫೋನ್ ಹಿಡ್ಕೊಂಡು ಒಬ್ಬಳೇ ಕೂತ್ರೆ ಹೆದರಿ ಬಿದ್ದುಬಿಡ್ತಾಳೆ, ಕೂರೋಕೆ ಬಿಡ್ಬೇಡ, ಸುತ್ತಿಸ್ತಾ ಇರು ಅಂದ್ಲು. ನೀನು ದೊಡ್ಡವಳು, ಅವಳನ್ನ ನೀನು ನೋಡ್ಕೋ ಅಂದ್ಲು. ತಲೆ ಸುತ್ತಿದ್ರೆ ಕೊಡು ಅಂತ ಇದನ್ನೆಲ್ಲ ಜೇಬಿಗೆ ಹಾಕಿದ್ಲು. ಹೋಟೆಲನ್ನೂ ನಾವಿಬ್ರೇ ಸೇರಿ ಹುಡುಕಿದ್ದು. ರೂಮಲ್ಲಿ ಸಿಗ್ನಲ್ ಬರಲ್ಲ ಅಂತ ಅದರ ವೆಬ್‌ಸೈಟಲ್ಲಿ ಹಾಕಿದ್ರು. ಇದೇ ಆಗ್ಲಿ ಅಂದ್ಲು ಅಮ್ಮ."

ಎಂಥ ಮಳ್ಳಿ ಅಕ್ಕ! ತಾನು ಕತ್ತಿಯ ಕೆಳಗೆ ಮಲಗಲು ಹೋಗುವವಳು, ಒಬ್ಬಳ ಕೈಗೆ ಇನ್ನೊಬ್ಬಳನ್ನು ಕೊಟ್ಟು, ಇಬ್ಬರಿಗೂ ಸುಳ್ಳು ಕಲಿಸಿ ಹೋಗಿದ್ದಾಳೆ. ಚಿಕ್ಕಮ್ಮನಿಗೆ ಸಿಟ್ಟು ಬಂತು. ಅಕ್ಕ ಒಮ್ಮೆ ಎದುರಿಗೆ ಸಿಗಲಿ, ಸರಿಯಾಗಿ ಬೈದುಬಿಡುತ್ತೇನೆ ಎಂದುಕೊಂಡಳು. ಸಿಗಲಿ, ಮೊದಲು ಸಿಗಲಿ.

ಆಗ ಫೋನ್ ಬಡಿದುಕೊಂಡಿತು. ಭಾವ. ಸೂಜಿಗೆ ಒಂದೇ ಏಟಿಗೆ ದಾರ ಪೋಣಿಸುವ ಚಿಕ್ಕಮ್ಮನ ಬೆರಳು ಆ ಗಾಜಿನ ಮೇಲೆ ನಿಲ್ಲಲೇ ಇಲ್ಲ. ಚಿನಕುರುಳಿ ಫೋನನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಅಪ್ಪಾ. ಹೂಂ, ನಾನೇ. ಹೂಂ... ಹೂಂ... ಕಣ್ಣು ಬಿಟ್ಲಾ? ಮತ್ತೆ ಯಾವಾಗ ಬಿಡ್ತಾಳೆ?... ಡಾಕ್ಟರ್ ಹೇಳಿದ್ರಾ, ನೀನೇ ಹೇಳ್ತಿದೀಯಾ?" ಅವಳು ಚಿಕ್ಕಮ್ಮನತ್ತ ತಿರುಗಿದಳು. "ಚೆನ್ನಾಗಾಯ್ತಂತೆ. ಹೊಸ ಬಾಗಿಲು ಸರಿಯಾಗಿ ಕೂತಿದೆಯಂತೆ. ಅಮ್ಮ ಸಂಜೆ ಕಣ್ಣು ಬಿಡ್ತಾಳಂತೆ. ಡಾಕ್ಟರೇ ಹೇಳಿದ್ದಂತೆ."

ಚಿಕ್ಕಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ದೇವರೇ, ದೇವರೇ ಎಂದಳು.

"ಚಿಕ್ಕಮ್ಮನಾ? ಇಲ್ಲೇ ಇದಾಳೆ. ಇಲ್ಲಪ್ಪ, ಬಿದ್ದಿಲ್ಲ. ಕೂತಿದಾಳೆ ಅಷ್ಟೆ." ಆಮೇಲೆ ಅವಳ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು. "ಅಪ್ಪಾ, ಹಾಗಾದ್ರೆ ಈಗ ನಾನು ಅಳಬಹುದಾ?"

ಭಾವ ಏನೆಂದನೋ ಚಿಕ್ಕಮ್ಮನಿಗೆ ಕೇಳಿಸಲಿಲ್ಲ. ಚಿನಕುರುಳಿ ಫೋನನ್ನು ಅವಳ ಕೈಗಿಟ್ಟು, ಅವಳ ಮಡಿಲಲ್ಲಿ ಮುಖ ಹುದುಗಿಸಿ, ಬಿಕ್ಕಿ ಬಿಕ್ಕಿ ಅಳತೊಡಗಿದಳು. ಚಿಕ್ಕಮ್ಮ ಆ ಪುಟ್ಟ ಬೆನ್ನನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿಕೊಂಡಳು. "ಅಳು ಬಂಗಾರ, ಎಷ್ಟು ಬೇಕಾದ್ರೂ ಅಳು, ನಾನಿದೀನಿ," ಎಂದಳು. ಅವಳ ದನಿ ಈ ಸಲ ನಡುಗಲಿಲ್ಲ.